ಔಟ್‌ಲುಕ್ ಎಂಬ ಇಮೇಲ್ ತಂತ್ರಾಂಶದಿಂದ ಕಳುಹಿಸಿದ ಪಿಡಿಎಫ್, ಥಂಡರ್‌ಬರ್ಡ್ ಎಂಬ ಇನ್ನೊಂದು ಇಮೇಲ್ ತಂತ್ರಾಂಶದಲ್ಲಿ ‘ವಿನ್‌ಮೇಲ್.ಡ್ಯಾಟ್’ ಎಂದು ಕಾಣುತ್ತಿದೆ. ಎರಡೂ ಕಡೆಯ ಸಪೋರ್ಟ್ ತಂಡದವರು ತಪ್ಪು ತಮ್ಮದಲ್ಲ ಎನ್ನುತ್ತಿದ್ದಾರೆ. ಏನು ಮಾಡಬೇಕು?

ಔಟ್‌ಲುಕ್‌ನಲ್ಲಿ ‘ರಿಚ್ ಟೆಕ್ಸ್ಟ್’ ರೂಪದಲ್ಲಿ ಬರೆದ ಪತ್ರವು ಅಕ್ಷರವಿನ್ಯಾಸ, ಲಗತ್ತು ಎಲ್ಲವನ್ನೂ ಟಿಎನ್‌ಇಎಫ್ ಎಂಬ, ಮೈಕ್ರೋಸಾಫ್ಟ್ ತಾನೇ ರೂಪಿಸಿದ ಪೊಟ್ಟಣದಲ್ಲಿ ಕಟ್ಟಿಕೊಂಡು ಹೊರಡುತ್ತದೆ. ಅದನ್ನು ಬಿಚ್ಚಲು ಬಾರದ ತಂತ್ರಾಂಶಕ್ಕೆ ಒಳಗಿನ ಪಿಡಿಎಫ್ ಕಾಣದೆ ಪೊಟ್ಟಣವಷ್ಟೇ ಕಾಣುತ್ತದೆ. ಕಡತವೇನೂ ಕೆಟ್ಟಿರುವುದಿಲ್ಲ. ಕಳುಹಿಸುವವರು ಪತ್ರವನ್ನು ಎಚ್‌ಟಿಎಂಎಲ್ (ವೆಬ್ ಪುಟಗಳಲ್ಲಿ ಬಳಸುವ) ರೂಪಕ್ಕೆ ಬದಲಾಯಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದಿದ್ದರೆ ಅವರ ಪತ್ರಗಳನ್ನು ರವಾನಿಸುವ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಸರ್ವರ್‌ನ ಸೆಟ್ಟಿಂಗ್ ನೋಡಿಸಬೇಕು.

ದೂರಿನ ವಿಷಯಕ್ಕೆ ಬಂದರೆ, ಸ್ಕ್ರೀನ್‌ಶಾಟ್‌ನಿಂದ ಯಾವ ತಂಡಕ್ಕೂ ಪ್ರಯೋಜನವಿಲ್ಲ. ಪತ್ರವನ್ನು ಫಾರ್ವರ್ಡ್ ಮಾಡಲೂಬೇಡಿ, ಏಕೆಂದರೆ ಫಾರ್ವರ್ಡ್ ಮಾಡುವಾಗ ಮೂಲದ ರಚನೆಯೇ ಬದಲಾಗಿಬಿಡಬಹುದು. ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪತ್ರದ ಮೂಲಪಠ್ಯ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಕಂಟೆಂಟ್-ಟೈಪ್’ ಎಂಬ ಸಾಲಿನ ಎದುರು ‘ಅಪ್ಲಿಕೇಶನ್/ಎಂಎಸ್-ಟಿಎನ್‌ಇಎಫ್’ ಎಂದಿದ್ದರೆ, ಪೊಟ್ಟಣ ಕಟ್ಟಿದ್ದು ಕಳುಹಿಸಿದ ಕಡೆಯಲ್ಲಿಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪತ್ರವನ್ನು ಇಎಂಎಲ್ ಕಡತವಾಗಿ (ಇಡೀ ಪತ್ರವನ್ನು ಮೂಲರೂಪದಲ್ಲೇ ಹಿಡಿದಿಡುವ ಕಡತ) ಉಳಿಸಿ, ಗೋಪ್ಯ ಮಾಹಿತಿಯಿದ್ದರೆ ಅದರ ಬದಲಿಗೆ ಖಾಲಿ ಪಿಡಿಎಫ್ ಒಂದನ್ನು ಅದೇ ರೀತಿ ತರಿಸಿಕೊಂಡು, ಎರಡೂ ತಂಡಗಳಿಗೆ ಒಂದೇ ಕಡತವನ್ನು ಕೊಡಿ. ಜೊತೆಗೆ ಎರಡೂ ಕಡೆಯ ತಂತ್ರಾಂಶಗಳ ಆವೃತ್ತಿ ಸಂಖ್ಯೆಯನ್ನೂ, ಮುಖ್ಯವಾಗಿ ಇನ್ನೊಂದು ತಂಡ ಕೊಟ್ಟಿರುವ ಟಿಕೆಟ್ (ದೂರಿನ) ಸಂಖ್ಯೆಯನ್ನೂ ಬರೆಯಿರಿ.