ಬಹುಮತ ಎಣಿಸಬೇಕಾದ್ದು ಸದನದಲ್ಲಿ

ಸಿಂಧನೂರಿನವರು ಕೇಳಿದ್ದೀರಿ: ಶಾಸಕರು ಬೆಂಬಲ ವಾಪಸ್ ತಗೊಂಡರೆ ರಾಜ್ಯಪಾಲರು ನೇರವಾಗಿ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿ ಸರ್ಕಾರ ಬೀಳಿಸಬಹುದಾ ಅಂತ.

ಈಗ ಅಷ್ಟು ಸುಲಭವಲ್ಲ ಸರ್. ಕಾರಣ ನಮ್ಮ ರಾಜ್ಯದ್ದೇ ಕೇಸು. 1989ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಬೆಂಬಲ ವಾಪಸ್ ಎನ್ನುವ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈ ಸೇರಿದವು. ಮರುದಿನವೇ ಅವರಲ್ಲಿ 7 ಮಂದಿ ತಮ್ಮ ಬೆಂಬಲ ಸರ್ಕಾರಕ್ಕೇ ಎಂದು ಬರೆದುಕೊಟ್ಟರು. ಸದನದಲ್ಲೇ ಬಲ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್‌.ಆರ್‌. ಬೊಮ್ಮಾಯಿ ಕೇಳಿಕೊಂಡರು. ಆದರೂ ಏಪ್ರಿಲ್ 21ಕ್ಕೆ ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು.

1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟು ಆ ವಜಾ ತಪ್ಪು ಎಂದಿತು. ಬಹುಮತ ಸಾಬೀತಾಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆ ಹೇರುವ, ಸಂವಿಧಾನದ 356ನೇ ವಿಧಿಯ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು. ಅದಕ್ಕೆ ಸಂಸತ್ತು 2 ತಿಂಗಳೊಳಗೆ ಒಪ್ಪಬೇಕು. ಅಲ್ಲಿಯವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಈ ಕೊನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಸಭೆ ಉಳಿದಿದ್ದರೆ ತಾನೇ ಸರ್ಕಾರ ಮರಳಿ ಬರೋದು?

ಬೊಮ್ಮಾಯಿಯವರಿಗೆ ಮಾತ್ರ ಏನೂ ಸಿಗಲಿಲ್ಲ. ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದಿತ್ತು. ಅದು ಇವತ್ತಿಗೂ ನನಗೆ ಬೇಸರ.

ಇಲ್ಲಿ ಬಳ್ಳಾರಿಯಲ್ಲೂ ಇಂಥ ಹೊತ್ತಲ್ಲಿ ರೆಸಾರ್ಟಿನ ಲೆಕ್ಕದ ಮಾತೇ ಜಾಸ್ತಿ. ನೀವು ಮೊದಲು ಸದನ ಯಾವಾಗ ಕರೀತಾರೆ ಅಂತ ಕೇಳಿ.