ಹಲಸಿನ ಹಲಗೆಗೆ ಸ್ಯಾಂಡರ್ ತಗೊಳ್ಳಬಹುದಾ ಅಂದವರಿಗೆ

ಯಲ್ಲಾಪುರದ ಸ್ನೇಹಿತರು ಕೇಳಿದ್ದು ಇಷ್ಟು. ಮನೆಯ ಹಳೆ ಹಲಸಿನ ಹಲಗೆಯಲ್ಲಿ ಊಟದ ಟೇಬಲ್ ಮಾಡುತ್ತಿದ್ದಾರೆ. ಪ್ಲೇನರ್ (ಕರೆಂಟಿನ ಕೀಸುಳಿ) ಹಾಕಿದರೆ ಅಲ್ಲಲ್ಲಿ ಸಿಬಿರು ಕಿತ್ತು ಬರುತ್ತಿದೆ. ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ (ಗುಂಡು ತಟ್ಟೆಗೆ ಉಜ್ಜು ಕಾಗದ ಅಂಟಿಸಿ ಮರ ನುಣುಪು ಮಾಡುವ ಕರೆಂಟ್ ಮಶಿನ್) ತಗೊಳ್ಳಬೇಕಾ, ಅಥವಾ ಇರುವ ಗ್ರೈಂಡರಿಗೇ ಉಜ್ಜುವ ಡಿಸ್ಕ್ ಹಾಕಿದರೆ ಸಾಕಾ?

ಸ್ಯಾಂಡರ್ ತಗೊಳ್ಳಿ. ಶಿರಸಿಯಲ್ಲಿ ನಾನು ತಗೊಂಡಾಗ ಕೈನೋವು ಕಮ್ಮಿಯಾದರೆ ಸಾಕು ಅಂತಿತ್ತು. ಸಿಕ್ಕಿದ್ದು ಅದಕ್ಕಿಂತ ಎಷ್ಟೋ ಜಾಸ್ತಿ.

ಹಲಸಿನ ಎಳೆ ಒಂದೇ ದಿಕ್ಕಿಗೆ ಹೋಗುವುದಿಲ್ಲ. ಮರ ಬೆಳೆಯುವಾಗ ಒಂದು ಪದರ ಎಡಕ್ಕೆ ಓರೆಯಾದರೆ ಮುಂದಿನದು ಬಲಕ್ಕೆ. ಹಲಗೆಯನ್ನು ಬೆಳಕಿಗೆ ಹಿಡಿದಾಗ ಪಟ್ಟೆ ಪಟ್ಟೆ ಹೊಳಪು ಕಾಣುತ್ತದಲ್ವಾ, ಅದು ಇದರಿಂದಲೇ. ಕೀಸುಳಿಯನ್ನು ಯಾವ ಕಡೆಯಿಂದ ತಳ್ಳಿದರೂ ಒಂದು ಪಟ್ಟೆ ನುಣ್ಣಗಾಗುತ್ತದೆ, ಪಕ್ಕದ್ದು ಏಳುತ್ತದೆ. ಈ ಸ್ಯಾಂಡರಿನ ತಟ್ಟೆ ಸುತ್ತುತ್ತಲೂ ಇರುತ್ತದೆ, ಎರಡು-ಎರಡೂವರೆ ಮಿ.ಮೀ. ಅಗಲದ ಸಣ್ಣ ಸುತ್ತಿನಲ್ಲಿ ಅದುರುತ್ತಲೂ ಇರುತ್ತದೆ. ಹಾಗಾಗಿ ಪೇಪರಿನ ಕಾಳುಗಳು ಒಂದೇ ಗೀರನ್ನು ಮತ್ತೆ ಮತ್ತೆ ಎಳೆಯುವುದಿಲ್ಲ. ಎಳೆಯ ದಿಕ್ಕು ನೋಡುವ ಕೆಲಸವೇ ಇಲ್ಲ. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಮೂಲೆಯ ಜೋಡಣೆ. ಉದ್ದದ ಪಟ್ಟಿಗೆ ಅಡ್ಡಪಟ್ಟಿ ಕೂಡುವಲ್ಲಿ ಕೈಯಲ್ಲಿ ಉಜ್ಜಿದರೆ ಒಂದರ ಮೇಲೆ ಅಡ್ಡ ಗೀರು ಬಿದ್ದೇ ಬೀಳುತ್ತದೆ. ಇದರಲ್ಲಿ ಎರಡರ ಮೇಲೂ ಸಲೀಸಾಗಿ ಹಾಯಿಸಬಹುದು.

ಗ್ರೈಂಡರ್ ಬೇರೆಯೇ ಜಾತಿ. ನಾಲ್ಕಿಂಚಿನದು ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತದೆ, ಅದೂ ಒಂದೇ ಜಾಗದಲ್ಲಿ. ಕೈ ಸ್ವಲ್ಪ ನಿಂತರೂ ಹಲಗೆಯಲ್ಲಿ ಗುಂಡಿ. ಟೇಬಲ್ಲಿನ ಮೇಲ್ಭಾಗಕ್ಕೆ ಅದು ಬೇಡವೇ ಬೇಡ.

ಸ್ಯಾಂಡರನ್ನು ಒತ್ತಿ ಹಿಡಿಯಬೇಡಿ. ಮಶಿನ್ ಭಾರವೇ ಸಾಕು. ಒತ್ತಿದರೆ ತಟ್ಟೆ ಸುತ್ತುವುದು ನಿಂತು ಬರೀ ನಡುಗುತ್ತದೆ, ಆಗ ಸುರುಳಿ ಗೀರು ಬೀಳುತ್ತವೆ. ಒಂದು ಉಪಾಯ ಹೇಳುತ್ತೇನೆ. ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಹಾಕಿಡಿ. ಉಜ್ಜುವಾಗ ಆ ಗೆರೆ ಸುತ್ತುತ್ತಾ ಇದ್ದರೆ ಸರಿ. ಇದ್ದಲ್ಲೇ ಅದುರುತ್ತಿದ್ದರೆ ಕೈ ಸಡಿಲ ಮಾಡಿ. ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನ ಸರಿಸಿ. ಹಲಗೆ ತುಂಬಾ ಪೆನ್ಸಿಲಿನಲ್ಲಿ ಗೀಚಿ ಶುರು ಮಾಡಿದರೆ, ಗೀಚಿದ್ದು ಎಲ್ಲಿ ಉಳಿದಿದೆಯೋ ಅಲ್ಲಿ ಇನ್ನೂ ತಾಗಿಲ್ಲ ಅಂತ ಗೊತ್ತಾಗುತ್ತದೆ.

ಧೂಳಿನ ವಿಷಯ. ಪೇಪರಿನ ತೂತುಗಳ ಮೂಲಕ ಮಶಿನ್ನೇ ಧೂಳು ಎಳೆದು ತನ್ನ ಚೀಲಕ್ಕೆ ತುಂಬಿಕೊಳ್ಳುತ್ತದೆ. ವ್ಯಾಕ್ಯೂಮ್ ಪೈಪ್ ಜೋಡಿಸಿದರೆ ಜಗಲಿಯಲ್ಲೇ ಕೂತು ಕೆಲಸ ಮಾಡಬಹುದು, ಪೇಪರೂ ಜಾಸ್ತಿ ಬಾಳಿಕೆ ಬರುತ್ತದೆ. ಹಲಸಿನ ಚೇಗಿನ (ಮರದ ನಡುವಿನ ಗಟ್ಟಿ ಭಾಗದ) ಧೂಳು ಎಷ್ಟು ಚೆಂದದ ಹಳದಿ ನೋಡಿ. ಬರ್ಮಾ, ಥಾಯ್ಲೆಂಡ್ ಕಡೆ ಭಿಕ್ಷುಗಳ ವಸ್ತ್ರಕ್ಕೆ ಇದೇ ಚೇಗಿನಿಂದ ಬಣ್ಣ ಹಾಕುವ ರೂಢಿ ಇತ್ತು. ಚೀಲದಲ್ಲಿ ಕೂತ ಧೂಳನ್ನು ಚೆಲ್ಲಬೇಡಿ. ಅಂಟಿಗೆ ಕಲಸಿ ಸಣ್ಣ ಬಿರುಕಿಗೆ ತುಂಬಿದರೆ ಬಣ್ಣ ಹೊಂದುತ್ತದೆ. ಅಗಲದ ಬಿರುಕಿಗೆ ಮಾತ್ರ ಹಾಗೆ ಮಾಡಬೇಡಿ, ಕೊನೆಗೆ ಹಚ್ಚುವ ಎಣ್ಣೆಯನ್ನು ಅಂಟು ಕುಡಿಯುವುದಿಲ್ಲ, ಕಲೆಯಾಗಿ ಕಾಣುತ್ತದೆ. ಚೀಲ ಇದ್ದರೂ ಮಾಸ್ಕ್ ಬಿಡಬೇಡಿ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಎನ್95 ಹಾಕಿಕೊಳ್ಳಿ.

ಇನ್ನೊಂದು, ನಮ್ಮ ಕಡೆಯ ಮಳೆಗಾಲಕ್ಕೆ ಹೊಂದುವ ಮಾತು. ಐದಿಂಚಿನ ಸ್ಯಾಂಡರ್ ಸುಮಾರು 250–300 ವ್ಯಾಟ್ ಅಷ್ಟೇ ಎಳೆಯುತ್ತದೆ. ಕರೆಂಟ್ ಹೋದಾಗ ಮನೆಯ ಇನ್ವರ್ಟರಿನಲ್ಲೂ ನಡೆಯುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಒಳ್ಳೆಯದು.

ಸ್ಯಾಂಡರಿನಿಂದ ಆಗದ ಕೆಲಸವೂ ಇದೆ. ಡೊಂಕು ಹಲಗೆ ಇದರಿಂದ ಸಪಾಟಾಗುವುದಿಲ್ಲ, ಅದನ್ನು ಮೊದಲೇ ಪ್ಲೇನರಿನಲ್ಲಿ ಮುಗಿಸಿ. ಕೊನೆಯ ಸುತ್ತುಗಳಲ್ಲಿ ತೆಳುವಾಗಿ ತೆಗೆಯಿರಿ, ಸಿಬಿರು ಕಮ್ಮಿ ಏಳುತ್ತದೆ. ಆಷಾಢದಲ್ಲಿ ಹಸಿ ಹಲಗೆ ಉಜ್ಜಿದರೆ ಪೇಪರ್ ಮೆತ್ತಿಕೊಂಡು ಸುಮ್ನೆ ಹಾಳು. ಗುಡಿಗಾರರ ಕೆತ್ತನೆ ಇರುವ ಹಳೆ ಬಾಗಿಲಿಗಂತೂ ಮುಟ್ಟಿಸಲೇಬೇಡಿ, ಗೆರೆಗಳ ಅಂಚು ಸವೆದರೆ ಮತ್ತೆ ಬರುವುದಿಲ್ಲ. ಹಳೆ ಬಣ್ಣ ಬಳಿದ ಬಾಗಿಲನ್ನೂ ಹಾಗೇ ಉಜ್ಜಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮಲ್ಲಿ ಬಂದದ್ದೇ 2016ರಲ್ಲಿ. ಅದಕ್ಕಿಂತ ಹಳೆಯ ಬಣ್ಣದ ಧೂಳು ಮಕ್ಕಳಿರುವ ಮನೆಗೆ ಅಪಾಯ.

ಪೇಪರ್ 80, 120, 180 ನಂಬರಿನದು ತಗೊಳ್ಳಿ, ನಂಬರ್ ಏರಿದಷ್ಟೂ ಕಾಳು ಸಣ್ಣ. ನಂಬರ್ ಬದಲಿಸುವಾಗ ಹಲಗೆ ಒರೆಸಿ, ಹಿಂದಿನ ಪೇಪರಿನ ಕಾಳು ಉಳಿದರೆ ಅದೇ ಗೀರುತ್ತದೆ. ಎಣ್ಣೆ ಹಚ್ಚುವುದಾದರೆ 180ಕ್ಕೇ ನಿಲ್ಲಿಸಿ. 80ರದ್ದು ಬೇಗ ಮುಗಿಯುತ್ತದೆ, ಅದನ್ನೇ ಜಾಸ್ತಿ ತಗೊಂಡಿಡಿ. ಅಂಗಡಿಯಲ್ಲಿ ಪೇಪರಿನ ತೂತು ನಿಮ್ಮ ತಟ್ಟೆಯ ತೂತಿಗೆ ಕೂಡುತ್ತದಾ ಅಂತ ಇಟ್ಟು ನೋಡಿಯೇ ದುಡ್ಡು ಕೊಡಿ.