ನಮ್ಮಲ್ಲಿ ಯಾವ ಪಕ್ಷ ಕೋವಿ ಹಕ್ಕಿನ ಪರ ಇದೆ?

ಕಾರ್ಕಳದ ಹತ್ತಿರ ತೋಟ ತೆಗೆದುಕೊಂಡಿದ್ದೀರಿ, ಹಂದಿ ಕಾಟಕ್ಕೆ ಕೋವಿ ಬೇಕು, ಅಮೆರಿಕದ ಹಾಗೆ ಇಲ್ಲೂ ಕೋವಿ ಹಕ್ಕಿನ ಪರ ಯಾವುದಾದರೂ ಪಕ್ಷ ಇದೆಯಾ ಎಂದು ಕೇಳಿದ್ದೀರಿ. ನಾನು ಹೆಬ್ರಿ ಕಡೆಯವನು. ಅಜ್ಜನ ಕಾಲದಿಂದ ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದೆ.

ದೊಡ್ಡ ಪಕ್ಷ ಯಾವುದೂ ಇದನ್ನು ಹಕ್ಕು ಎಂದು ಹಿಡಿದು ಓಟು ಕೇಳುವುದಿಲ್ಲ. 1959ರ ಆಯುಧ ಕಾಯ್ದೆ ತಂದದ್ದು ಕಾಂಗ್ರೆಸ್ ಸರ್ಕಾರ. 2019ರಲ್ಲಿ ಬಿಗಿ ಮಾಡಿದ್ದು ಬಿಜೆಪಿ ಸರ್ಕಾರ. ಮೊದಲು ಒಬ್ಬರು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಲೈಸೆನ್ಸ್ ಅವಧಿ ಮಾತ್ರ ಮೂರು ವರ್ಷದಿಂದ ಐದಕ್ಕೆ ಏರಿತು.

ಹಿಂದೆ ಹೀಗಿರಲಿಲ್ಲ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸೇ ನಿಯಮಕ್ಕೆ ಒಳಪಟ್ಟು ಆಯುಧ ಇಟ್ಟುಕೊಳ್ಳುವುದು ನಾಗರಿಕರ ಹಕ್ಕು ಎಂದಿತ್ತು. 1948ರ ಡಿಸೆಂಬರಿನಲ್ಲಿ ಅದನ್ನು ಸಂವಿಧಾನಕ್ಕೆ ಸೇರಿಸಿ ಎಂದು ಸಂವಿಧಾನ ಸಭೆಯಲ್ಲಿ ಎದ್ದು ನಿಂತವರು ಎಚ್.ವಿ. ಕಾಮತ್. ನಮ್ಮ ಮಂಗಳೂರಿನಲ್ಲೇ ಹುಟ್ಟಿದವರು! ಅಂಬೇಡ್ಕರ್ ಒಪ್ಪಲಿಲ್ಲ. ಹಕ್ಕು ಅಂದ ಮೇಲೆ ಅಪರಾಧವನ್ನೇ ಕಸುಬು ಮಾಡಿಕೊಂಡವರಿಗೂ ಅದು ಸಿಗುತ್ತದೆ ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ನನಗೂ ಅಂಬೇಡ್ಕರ್ ಮಾತೇ ಸರಿ ಅನ್ನಿಸುತ್ತದೆ.

ನಮ್ಮ ಕಷ್ಟ ಬೇರೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕು. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು. ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು, ಎಣಿಕೆ ಆದದ್ದು ಜೂನ್ 4ಕ್ಕೆ. ಅಷ್ಟು ದಿನ ಹಂದಿಗಳಿಗೆ ಹಬ್ಬ. ಬೆಳಗ್ಗೆ ಹೋಗಿ ನೋಡಿದರೆ ಬಾಳೆಯ ಬುಡವೆಲ್ಲ ಉತ್ತು ಹಾಕಿದ ಹಾಗೆ. ಗರ್ನಾಲು ಸಿಡಿಸಿದರೆ ಎರಡು ದಿನ ಹೆದರುತ್ತವೆ, ಆಮೇಲೆ ಅದೂ ಅಭ್ಯಾಸ ಆಗಿಬಿಡುತ್ತದೆ. ಕೋವಿಯ ಸದ್ದೇ ಬೇರೆ. ನಾವು ಜಾಸ್ತಿ ಬಳಸುವುದೂ ಆ ಸದ್ದಿಗೇ, ಕೊಲ್ಲುವುದಕ್ಕಲ್ಲ.

ಇಲ್ಲಿ ಒಂದು ಮಾತು ಗಮನಿಸಿ. ಎಲ್ಲರ ಕೋವಿಯನ್ನೂ ಸುಮ್ನೆ ಕಿತ್ತುಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲೆಯಲ್ಲಿ ಪರಿಶೀಲನಾ ಸಮಿತಿ ಇರಬೇಕು. ಜಾಮೀನಿನ ಮೇಲೆ ಇರುವವರು, ಗಲಭೆ ಮಾಡಿದವರು, ಕ್ರಿಮಿನಲ್ ಕೇಸಿನ ಹಿನ್ನೆಲೆ ಇರುವವರು ಎಂದು ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಬೇಕು. ಎಪ್ಪತ್ತು ದಾಟಿದ, ಒಂದು ಕೇಸೂ ಇಲ್ಲದ ಕೃಷಿಕರು ಕೋವಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವುದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಹಾಗಾಗಿ ಪಕ್ಷ ನೋಡಬೇಡಿ. ಓಟು ಕೇಳಲು ಬಂದವರ ಹತ್ತಿರ, ಕೇಸಿಲ್ಲದ ಕೃಷಿಕರಿಗೆ ಠೇವಣಿ ವಿನಾಯಿತಿ ಕೊಡಿಸುತ್ತೀರಾ ಎಂದು ಕೇಳಿ. ನಾನು ಕೇಳುತ್ತಲೇ ಇದ್ದೇನೆ. ಲೈಸೆನ್ಸಿಗೆ ಈಗಲೇ ಅರ್ಜಿ ಹಾಕಿ. ಬೆಳೆ ರಕ್ಷಣೆ ಎಂಬ ಕಾರಣ ಕಾಯ್ದೆಯ 13ನೇ ಕಲಮಿನಲ್ಲೇ ಇದೆ.